ನಾನಿಲ್ಲದ ನಾಲ್ಕು ಗಂಟೆ

ಫೆಬ್ರವರಿ 24, ಸೋಮವಾರ

ಮುಂದಿನ ತಿಂಗಳು ಇಪ್ಪತ್ತಮೂರು, ಭಾನುವಾರ, ಮಧ್ಯಾಹ್ನ ಎರಡಕ್ಕೆ ಸರಿಯಾಗಿ ನಾನು ಸಾಯಬೇಕಂತೆ. ಆರು ಗಂಟೆಗೆ ಎದ್ದು ಬರಬಹುದು. ಹೇಳಿದ್ದು ಡಾಕ್ಟರ್ ನಂದಿತಾ. ನಮ್ಮ ಆಸ್ಪತ್ರೆಗೆ ದೊಡ್ಡವರು ಅವರೇ, ಹಾಗಾಗಿ ಇನ್ನೊಬ್ಬ ಡಾಕ್ಟರನ್ನ ಕೇಳಿ ನೋಡೋಣ ಅನ್ನೋ ಹಾಗಿಲ್ಲ.

ಎಲ್ಲಕ್ಕೂ ಕಾರಣ ಒಂದು ಬಕೆಟ್. ಹೋದ ವಾರ ಮೇಲಿನ ಮಹಡಿಯ ಪೈಪ್ ಸೋರಿ ನನ್ನ ಸರ್ವರ್ ರೂಮಿನ ಮೂಲೆಯಲ್ಲಿ ನೀರು ತೊಟ್ಟಿಕ್ಕಿತು. ಬಕೆಟ್ ಇಟ್ಟೆ, ಪ್ಲಂಬರ್ ಬಂದ, ಮುಗೀತು. ಬಕೆಟ್ ಎತ್ತಿಡದೇ ಬಿಟ್ಟಿದ್ದು ನನ್ನ ತಪ್ಪು. ಇವತ್ತು ಡಾಕ್ಟರ ಕಣ್ಣಿಗೆ ಬಿತ್ತು.

"ಈ ರೂಮ್ ಮುಳುಗಿದ್ರೆ ಏನ್ಮಾಡ್ತೀರಿ ಮಾಲಾ?"

"ಬ್ಯಾಕಪ್ ಇದೆ ಮೇಡಂ. ದಿನಾ ತಗೊಳ್ತೀವಿ."

"ಅದರಿಂದ ವಾಪಸ್ ಎಬ್ಬಿಸಿ ನೋಡಿದೀರಾ ಯಾವತ್ತಾದ್ರೂ?"

"ಅಂಥ ಸಂದರ್ಭ ಬಂದಿಲ್ಲ ಮೇಡಂ."

"ಬಂದಾಗ ನೀವು ಇಲ್ದಿದ್ರೆ?"

"ನಾನು ಯಾವಾಗ್ಲೂ ಇರ್ತೀನಿ."

ಹೆಮ್ಮೆಯಿಂದಲೇ ಹೇಳಿದೆ. ಅವರು ಎಕ್ಸ್‌ರೇ ಹಾಳೆಯನ್ನ ಬೆಳಕಿಗೆ ಹಿಡಿದು ನೋಡೋ ಹಾಗೆ ನನ್ನ ನೋಡಿದರು.

ತೀರ್ಪು ಹೀಗೆ. ಭಾನುವಾರ ಹೊರರೋಗಿ ವಿಭಾಗಕ್ಕೆ ರಜಾ. ಅಲ್ಲಿನ ಆರು ಕಂಪ್ಯೂಟರನ್ನ ಆಸ್ಪತ್ರೆಯ ಜಾಲದಿಂದ ಬಿಡಿಸಿ ಬೇರೆ ತಂತಿಗೆ ಹಾಕಿ, ಡೈರೆಕ್ಟರಿ ಸರ್ವರ್ ಸತ್ತಿದೆ ಅಂದ್ಕೊಂಡು, ಫಿಸಿಯೋಥೆರಪಿ ರೂಮಿನಲ್ಲಿ ಒಂದು ಖಾಲಿ ಮೆಷೀನ್ ಮೇಲೆ ಅದನ್ನ ಮತ್ತೆ ಎಬ್ಬಿಸಬೇಕು. ನಾಲ್ಕೇ ಗಂಟೆ. ನಾನು ಮುಟ್ಟೋ ಹಾಗಿಲ್ಲ, ಮಾತಾಡೋ ಹಾಗಿಲ್ಲ, ಕಣ್ಸನ್ನೆಯೂ ಇಲ್ಲ. ಆಗದಿದ್ದರೆ ಏಪ್ರಿಲ್‌ನಿಂದ ಈ ಕೆಲಸ ಹೊರಗಿನ ಕಂಪನಿಗೆ. ನಾನು ವಾಪಸ್ ರಿಸೆಪ್ಷನ್‌ಗೆ. ನನ್ನ ಕೈಕೆಳಗಿನ ಫಾಯಿಜಾ ಗುತ್ತಿಗೆಯವಳು, ಅವಳಿಗೆ ರಿಸೆಪ್ಷನ್ನೂ ಇಲ್ಲ, ಸೀದಾ ಮನೆಗೆ.

ಅಂದರೆ ನಾನಿಲ್ಲದೆ ನಡೆದರೆ ನಾನು ಗೆದ್ದ ಹಾಗೆ. ನಾನು ಬೇಕೇ ಬೇಕು ಅಂತಾದರೆ ಸೋತ ಹಾಗೆ. ಇಂಥ ಲೆಕ್ಕ ನನ್ನ ಜನ್ಮದಲ್ಲಿ ನೋಡಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಹೆಬ್ಬಾಳದ ಆಸ್ಪತ್ರೆಗೆ ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು ನಾನು. ನೂರನಲವತ್ತು ಎಕ್ಸ್‌ಟೆನ್ಶನ್ ನಂಬರು ಬಾಯಲ್ಲೇ ಇತ್ತು. ಕಂಪ್ಯೂಟರ್ ಬಂದಾಗ ಎಲ್ಲರೂ ಹೆದರಿ ಹಿಂದೆ ಸರಿದರು, ನಾನು ಮುಂದೆ ಹೋಗಿ ಕೂತೆ. ಡಿಗ್ರಿ ಇಲ್ಲ. ಇರೋ ವಿದ್ಯೆಯೆಲ್ಲ ತಲೆಯಲ್ಲಿದೆ, ಅಲ್ಲೇ ಭದ್ರವಾಗಿದೆ.

ಫೆಬ್ರವರಿ 26, ಬುಧವಾರ

ವಿದ್ಯಾರಣ್ಯಪುರದ ಮನೇಲಿ ನನ್ನ ಮುಖ ನೋಡಿ ಮೊದಲು ಕೇಳೋರು ಅತ್ತೆ ಪಟಾಲಮ್ಮ. "ಯಾಕವ್ವ ಇಂಗೆ ಕುಂತಿದೀಯ?" ಅಂದರು.

ಡೈರೆಕ್ಟರಿ ಸರ್ವರ್ ಅಂದರೆ ಏನು ಅಂತ ವಿವರಿಸಿದೆ. ಆಸ್ಪತ್ರೇಲಿ ಯಾರು ಯಾರು, ಯಾರ ಪಾಸ್‌ವರ್ಡ್ ಏನು, ಯಾರು ಯಾವ ರೋಗಿಯ ಕಾಗದ ನೋಡಬಹುದು, ಇಷ್ಟೂ ಗೊತ್ತಿರೋ ಯಂತ್ರ ಅದು. ಯಾವ ಕಂಪ್ಯೂಟರಿನ ಮುಂದೆ ಯಾರು ಕೂತರೂ ಅದು ಇದನ್ನ ಕೇಳುತ್ತೆ, "ಇವರು ನಮ್ಮವರಾ?" ಇದು ಹೂಂ ಅಂದರೆ ಮಾತ್ರ ತೆರೆಯುತ್ತೆ. ಇದು ಸತ್ತರೆ ಕಂಪ್ಯೂಟರುಗಳೆಲ್ಲ ಚೆನ್ನಾಗೇ ಇರ್ತವೆ, ಆದರೆ ಯಾರಿಗೂ ಯಾರ ಗುರುತೂ ಹತ್ತಲ್ಲ.

"ಮದ್ವೆ ಮನೇಲಿ ಬಾಗ್ಲಲ್ಲಿ ನಿಂತಿರೋ ದೊಡ್ಡಪ್ಪ ಇದ್ದಂಗೆ" ಅಂದರು ಅತ್ತೆ. ನನ್ನ ವಿವರಣೆ ಹತ್ತು ನಿಮಿಷ, ಅವರದು ಒಂದು ಸಾಲು.

"ಅಂಗಾರೆ ದೊಡ್ಡಪ್ಪಂಗೆ ಇನ್ನೊಬ್ಬ ಇಟ್ಕೊಂಡಿಲ್ವಾ?"

"ನಕಲು ಇದೆ ಅತ್ತೆ. ದಿನಾ ತೆಗೆದಿಡ್ತೀವಿ."

"ಎಲ್ಲಿ?"

"ಅದೇ ರೂಮಲ್ಲಿ."

ಅವರು ಹುರುಳಿ ಆರಿಸೋದನ್ನ ನಿಲ್ಲಿಸಿದರು. "ನಮ್ಮನೆ ಮೊಸ್ರು ಕೆಟ್ಟೋದ್ರೆ ಎಲ್ಲಿಂದ ಹೆಪ್ಪು ತತ್ತೀಯ? ಪಕ್ಕದ ಮನೆಯಿಂದ. ಅದು ಯಾರ್ದು? ನಮ್ದೇ, ನಾನು ಕೊಟ್ಟಿದ್ದು. ಹೆಪ್ಪೂ ಅದೇ ಚೊಂಬಲ್ಲಿ ಇಟ್ಕೊಂಡ್ರೆ ಅದ್ಯಾತರ ಹೆಪ್ಪು? ಅಳಸಿದ್ರೆ ಎರಡೂ ಅಳಸ್ತದೆ."

ಏಳನೇ ಕ್ಲಾಸ್ ಓದಿದ ಹೆಂಗಸು. ನನಗೆ ಊಟ ಸೇರಲಿಲ್ಲ.

ಮಾರ್ಚ್ 4, ಮಂಗಳವಾರ

ಮೊದಲ ಅಭ್ಯಾಸ. ದೇವರು ದೊಡ್ಡವನು, ಡಾಕ್ಟರು ನೋಡಲು ಬಂದಿರಲಿಲ್ಲ.

ಹದಿನೇಳು ದಿನ ರಜಾ ಬಾಕಿ ಇರೋ ಹುಡುಗಿ ಫಾಯಿಜಾ, ಒಂದೂ ತಗೊಳ್ಳಲ್ಲ. ಗಂಗಾನಗರದಿಂದ ಬಸ್ಸು ಹಿಡಿದು ನನಗಿಂತ ಮುಂಚೆ ಬಂದಿರ್ತಾಳೆ. ರಂಜಾನಿನ ರೋಜಾ ಶುರುವಾಗಿದೆ, ಹಗಲೆಲ್ಲ ಉಪವಾಸ, ಆದರೂ ಮುಖದಲ್ಲಿ ಸುಸ್ತಿಲ್ಲ. ನಾನು ಕುರ್ಚಿ ಹಿಂದಕ್ಕೆ ಎಳ್ಕೊಂಡು "ನಾನು ಸತ್ತೆ, ನೀನು ಶುರು ಮಾಡು" ಅಂದೆ.

"ಇನ್ನಾಲಿಲ್ಲಾಹಿ" ಅಂದಳು, ಸಾವಿನ ಸುದ್ದಿ ಕೇಳಿದವರ ಹಾಗೆ ಗಂಭೀರವಾಗಿ. "ಮಾಲಕ್ಕ, ಹೆಂಗ್ ಮಾಡ್ಬೇಕು ಅಂತ ನೀವು ಬರೆದಿದ್ದು ಎಲ್ಲಿದೆ?"

ಎರಡು ರಾತ್ರಿ ಕೂತು ಹತ್ತೊಂಬತ್ತು ಪುಟ ಬರೆದಿದ್ದೆ. ಆಸ್ಪತ್ರೆಯ ಫೋಲ್ಡರಿನಲ್ಲಿ ಹಾಕಿದ್ದೆ. ಅವಳು ಫೋಲ್ಡರ್ ತೆರೆಯೋಕೆ ಹೋದಳು. ಅದು ಪಾಸ್‌ವರ್ಡ್ ಕೇಳಿತು. ಹಾಕಿದಳು. ಅದು ಡೈರೆಕ್ಟರಿಯನ್ನ ಕೇಳೋಕೆ ಹೋಯಿತು. ಡೈರೆಕ್ಟರಿ ಸತ್ತಿದೆ.

"ಸರಿ, ನನ್ನ ತಲೇಲಿದೆ, ಹೇಳ್ತೀನಿ. ಬ್ಯಾಕಪ್ ಪೆಟ್ಟಿಗೆ ತೆಗಿ" ಅಂದೆ. ಬ್ಯಾಕಪ್ ಪೆಟ್ಟಿಗೆಯೂ ಪಾಸ್‌ವರ್ಡ್ ಕೇಳಿತು. ಹಾಕಿದಳು. ಅದೂ ಡೈರೆಕ್ಟರಿಯನ್ನ ಕೇಳೋಕೆ ಹೋಯಿತು.

ಸತ್ತವನನ್ನ ಬದುಕಿಸೋ ಔಷಧಿಯ ಬೀರುವಿಗೆ ಬೀಗ. ಬೀಗದ ಕೈ ಸತ್ತವನ ಜೇಬಿನಲ್ಲಿ. ಈ ಏರ್ಪಾಡು ಮಾಡಿದ್ದು ನಾನೇ. ಒಂಬತ್ತು ವರ್ಷದಿಂದ ಹೀಗೇ ಇದೆ.

ಮೊದಲು ನಕ್ಕವಳು ಅವಳು. ಆಮೇಲೆ ನಾನು. ಕಣ್ಣಲ್ಲಿ ನೀರು ಬರೋವರೆಗೆ.

ಮಾರ್ಚ್ 7, ಶುಕ್ರವಾರ

ಅತ್ತೆಯ ಹೆಪ್ಪಿನ ಶಾಸ್ತ್ರ ಜಾರಿಗೆ ಬಂತು. ಯಲಹಂಕದಲ್ಲಿ ನಮ್ಮದೇ ಡಯಾಲಿಸಿಸ್ ಕೇಂದ್ರ ಇದೆ. ಇನ್ಮೇಲೆ ಶುಕ್ರವಾರ ಶುಕ್ರವಾರ ಒಂದು ಡಿಸ್ಕ್ ಆಂಬುಲೆನ್ಸ್‌ನಲ್ಲಿ ಅಲ್ಲಿಗೆ ಹೋಗುತ್ತೆ, ಹಳೇದು ವಾಪಸ್ ಬರುತ್ತೆ. ಹೇಗೂ ಆ ಗಾಡಿ ಆ ದಾರೀಲಿ ಹೋಗಲೇಬೇಕು. ಡಿಸ್ಕಿಗೆ ಯಾರ ಲಾಗಿನ್ನೂ ಬೇಡ; ಮೆಷೀನ್‌ಗೆ ಚುಚ್ಚಿದರೆ ಆಯ್ತು.

ಜನರೇಟರ್, ಲಿಫ್ಟ್, ತಂತಿ ಎಲ್ಲ ನೋಡ್ಕೊಳ್ಳೋ ಮುರುಗೇಶ್ ಅದಕ್ಕೆ ಥರ್ಮೋಕೋಲ್ ಪೆಟ್ಟಿಗೆ ಮಾಡಿಕೊಟ್ಟ. "ಅಕ್ಕಾ, ಕಿಡ್ನಿ ಕಳ್ಸೋ ಪೆಟ್ಗೆ ಥರಾನೇ ಇದೆ. ಸೈರನ್ ಹಾಕೋಣ್ವಾ?"

"ಬೇಡ ಕಣೋ, ಸುಮ್ನಿರು."

ಮಾರ್ಚ್ 11, ಮಂಗಳವಾರ

ಹತ್ತೊಂಬತ್ತು ಪುಟವನ್ನ ಅಚ್ಚು ಹಾಕಿ ಫಾಯಿಜಾಗೆ ಕೊಟ್ಟಿದ್ದೆ. ಮೂರು ದಿನ ಏನೂ ಹೇಳಲಿಲ್ಲ. ಇವತ್ತು ಒತ್ತಾಯ ಮಾಡಿದ ಮೇಲೆ, "ತುಂಬಾ ಚೆನ್ನಾಗಿದೆ ಮಾಲಕ್ಕ. ಆದ್ರೆ ಆರನೇ ಪುಟದವರೆಗೂ ನಿಮ್ಮ ಕಥೆ ಇದೆ. ಸರ್ವರ್ ಏಳನೇ ಪುಟದಲ್ಲಿ ಬರುತ್ತೆ" ಅಂದಳು.

ಕೋಪ ಬಂತು. ಕಾಗದ ಕಿತ್ತುಕೊಂಡು ಮೂರನೇ ಮಹಡಿಯ ಹೆಡ್ ಸಿಸ್ಟರ್ ರಮಾ ಹತ್ತಿರ ಹೋದೆ. ನನ್ನಷ್ಟೇ ಹಳಬಳು, ನನ್ನ ಪರ ಮಾತಾಡ್ತಾಳೆ ಅಂತ. ಕನ್ನಡಕ ಏರಿಸಿ ಓದಿದಳು.

"'ಇಲ್ಲಿಂದ ಎಂದಿನಂತೆ ಮುಂದುವರಿಯಿರಿ' ಅಂತಿದೆಯಲ್ಲ ಮಾಲಾ, ಯಾರ ಎಂದಿನಂತೆ?"

"ನಾವು ಯಾವಾಗ್ಲೂ ಮಾಡೋ ಹಾಗೆ."

"ನೀನು ಸತ್ತಿದೀಯಲ್ಲೇ! ನೋಡು, ಡ್ಯೂಟಿ ಬದಲಾಗುವಾಗ ನಾವು ಮುಂದಿನ ಸಿಸ್ಟರ್‌ಗೆ ಬರೆದಿಡ್ತೀವಿ. 'ಏಳನೇ ಬೆಡ್ಡು, ಎಂಟು ಗಂಟೆಗೆ ಈ ಇಂಜೆಕ್ಷನ್, ಇಷ್ಟು ಎಂಎಲ್, ಜ್ವರ ನೂರೆರಡು ದಾಟಿದ್ರೆ ಇವರಿಗೆ ಫೋನು.' ಯಾಕೆ ಗೊತ್ತಾ? ಅವಳು ಓದೋ ಹೊತ್ತಿಗೆ ನಾನು ಮನೇಲಿ ಗೊರಕೆ ಹೊಡೀತಿರ್ತೀನಿ. ಎಬ್ಬಿಸಿ ಕೇಳೋಕಾಗಲ್ಲ. ಪಾಪ, ಏಳನೇ ಬೆಡ್ಡಿನವನಿಗೆ ನನ್ನ ಕಥೆ ಕಟ್ಕೊಂಡು ಏನಾಗಬೇಕು?"

ವಾಪಸ್ ಬಂದು ಫಾಯಿಜಾ ಪಕ್ಕ ಕುರ್ಚಿ ಹಾಕಿದೆ. ಅವಳು ಓದ್ತಾ ಹೋದಳು, ನಾನು ಬೇಡದ್ದನ್ನ ಹೊಡೆದು ಹಾಕ್ತಾ ಹೋದೆ. 2016ರಲ್ಲಿ ನಾನು ಮೂರು ದಿನ ಮನೆಗೆ ಹೋಗದೆ ದುಡಿದ ಪ್ಯಾರಾ ಅವಳಿಗೆ ಇಷ್ಟವಾಗಿತ್ತಂತೆ, ಇರಲಿ ಅಂದಳು. ಅದನ್ನೂ ಹೊಡೆದೆ.

ನಾಲ್ಕು ಪುಟಕ್ಕೆ ಬಂತು. ಒಂದೊಂದು ಸಾಲಿನ ಮುಂದೆ ಒಂದು ಚೌಕ. ಮಾಡಿ ಮುಗಿಸಿದ ಮೇಲೆ ಟಿಕ್. "ಇಷ್ಟು ಹೊತ್ತು ಕಾಯಿರಿ. ಪರದೆ ಮೇಲೆ ಇದು ಬರುತ್ತೆ. ಬರದಿದ್ದರೆ ಇಂಥ ಪುಟಕ್ಕೆ ಹೋಗಿ." ನೋಡೋಕೆ ಏನೂ ಅನ್ನಿಸಲ್ಲ. ಯಾರಾದರೂ ಮಾಡಬಹುದು ಅನ್ನೋ ಹಾಗಿದೆ.

ಮಾರ್ಚ್ 15, ಶನಿವಾರ

ಇವತ್ತಿನದನ್ನ ಇಲ್ಲಿ ಮಾತ್ರ ಬರೀತೀನಿ.

ಎರಡನೇ ಅಭ್ಯಾಸ. ಡಿಸ್ಕ್ ಬಂತು, ಮೆಷೀನ್ ಶುರುವಾಯ್ತು, ಬ್ಯಾಕಪ್ಪಿನಿಂದ ಎಲ್ಲ ಇಳೀತು, ಟಿಕ್ ಟಿಕ್ ಟಿಕ್. ಎರಡನೇ ಪುಟದ ಕೊನೇಲಿ ಡೈರೆಕ್ಟರಿ ರಿಪೇರಿಗೆ ಅಂತ ಇರೋ ಒಂದು ವಿಶೇಷ ಬಾಗಿಲು ಬರುತ್ತೆ. ಅದಕ್ಕೆ ಬೇರೆಯದೇ ಪಾಸ್‌ವರ್ಡ್. ಸರ್ವರ್ ಹುಟ್ಟಿದ ದಿನ ಒಂದೇ ಒಂದು ಸಲ ಇಡೋದು, ಆಮೇಲೆ ಯಾವತ್ತೂ ಕೇಳಲ್ಲ, ಸಾಯೋವರೆಗೆ.

"ಸರಿ ನೀವೇ ಹಾಕಿ ಅಕ್ಕ, ಆಮೇಲೆ ಬರ್ಕೊಳ್ತೀನಿ" ಅಂದಳು ಫಾಯಿಜಾ.

ಹಾಕಿದೆ. ತಪ್ಪು ಅಂತು.

ಇನ್ನೊಂದು ಹಾಕಿದೆ. ತಪ್ಪು. ಮೂರನೇದು ಹಾಕುವಾಗಲೇ ಗೊತ್ತಾಗ್ತಿತ್ತು. ನೂರನಲವತ್ತು ಎಕ್ಸ್‌ಟೆನ್ಶನ್ ಈಗಲೂ ಹೇಳ್ತೀನಿ. ಮಾರ್ಚುರಿ 109, ಕ್ಯಾಂಟೀನ್ 131. ಇದು ಮಾತ್ರ ಇಲ್ಲ. ಒಂಬತ್ತು ವರ್ಷದಿಂದ ನನ್ನ ತಲೇಲಿ ಭದ್ರವಾಗಿದೆ ಅಂತ ನಂಬಿದ್ದ ಜಾಗದಲ್ಲಿ ಖಾಲಿ ಗೂಡು.

"ಈ ಕೀಬೋರ್ಡ್ ಸರಿ ಇಲ್ಲ" ಅಂದೆ.

ಫಾಯಿಜಾ ಎದ್ದು ಹೋಗಿ ಇನ್ನೊಂದು ಕೀಬೋರ್ಡ್ ತಂದಳು. ಚುಚ್ಚಿಕೊಟ್ಟಳು. ಅದರಲ್ಲೂ ಎರಡು ಸಲ ಒತ್ತಿ ಕೈ ತೆಗೆದೆ.

"ಮರೆತುಬಿಟ್ಟಿದೀನಿ ಕಣೇ."

ಮುಗೀತು ನನ್ನ ಮರ್ಯಾದೆ ಅಂದ್ಕೊಂಡೆ. ಅವಳು ಉಸಿರು ಬಿಟ್ಟಳು. ಅದು ಬೇಜಾರಿನ ಉಸಿರಲ್ಲ. "ಅಬ್ಬ! ನೀವೂ ಮರೀತೀರಾ? ನಾನು ಮೂರು ವರ್ಷದಿಂದ ಪ್ರತೀದನ್ನೂ ಬಚ್ಚಿಟ್ಕೊಂಡು ಬರ್ಕೊಳ್ತಿದೀನಿ ಅಕ್ಕ, ನೀವು ಬೈತೀರ ಅಂತ." ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದಳು. ಪುಟ ಪುಟ ನನ್ನ ಮಾತುಗಳೇ, ತಾರೀಕು ಸಮೇತ. ನಾನು ಸಿಟ್ಟಿನಲ್ಲಿ ಹೇಳಿದ್ದನ್ನೂ ಬಿಟ್ಟಿಲ್ಲ.

ಸರ್ವರ್ ಜೀವಂತ ಇರುವಾಗ ಆ ಪಾಸ್‌ವರ್ಡ್ ಬದಲಾಯಿಸಬಹುದು. ಸತ್ತ ಮೇಲೆ ಆಗಲ್ಲ. ಇವತ್ತು ಸಾಯಂಕಾಲವೇ ನಮ್ಮ ಅಸಲಿ ಸರ್ವರಿನಲ್ಲಿ ಬದಲಾಯಿಸಿದೆವು. ನಾನು ಅಷ್ಟಕ್ಕೇ ಮೇಲೇಳ್ತಿದ್ದೆ. "ಅಕ್ಕಾ, ಹಳೇ ಬ್ಯಾಕಪ್ಪಿನೊಳಗೆ ಹಳೇ ಪಾಸ್‌ವರ್ಡೇ ಇರುತ್ತಲ್ವಾ? ಹೊಸ ಬ್ಯಾಕಪ್ ತಗೊಂಡು ಅದನ್ನೇ ಯಲಹಂಕಕ್ಕೆ ಕಳಿಸ್ಬೇಕು" ಅಂದಳು. ನನಗೆ ಹೊಳೆದಿರಲಿಲ್ಲ. ಹೊಳೆದಿತ್ತು ಅಂತ ಹೇಳಬಹುದಿತ್ತು. ಹೇಳಲಿಲ್ಲ.

ಪಾಸ್‌ವರ್ಡನ್ನ ಕಾಗದದಲ್ಲಿ ಬರೆದು, ಲಕೋಟೆಗೆ ಅಂಟು ಹಾಕಿ, ಎರಡು ಬೀಗದ ಔಷಧಿ ಬೀರುವಿನಲ್ಲಿಟ್ಟಿದ್ದೇವೆ. ಒಂದು ಕೈ ರಮಾ ಹತ್ತಿರ, ಒಂದು ಫಾರ್ಮಸಿ ಹತ್ತಿರ. ನನ್ನ ಹತ್ತಿರ ಯಾವುದೂ ಇಲ್ಲ.

ಮಾರ್ಚ್ 20, ಗುರುವಾರ

ಮೂರನೇ ಅಭ್ಯಾಸ. ಹೊರರೋಗಿ ವಿಭಾಗ ನಡೀತಿದ್ದರಿಂದ ನಮ್ಮ ರೂಮಲ್ಲೇ, ಫಾಯಿಜಾ ಒಬ್ಬಳೇ, ಮೂರು ಗಂಟೆ ಐದು ನಿಮಿಷ. ನಾನು ಕ್ಯಾಂಟೀನ್‌ನಲ್ಲಿ ನಾಲ್ಕು ಕಾಫಿ. ನನಗಿಂತ ಅವಳೇ ಕಡಿಮೆ ನಡುಗಿದಳು.

ಮಾರ್ಚ್ 23, ಭಾನುವಾರ

ಎರಡಕ್ಕೆ ಸರಿಯಾಗಿ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಸತ್ತು ಕೂತೆ. ಎದುರಿಗೆ ಫಿಸಿಯೋಥೆರಪಿ ರೂಮಿನ ಗಾಜಿನ ಬಾಗಿಲು. ಫಾಯಿಜಾ ಕಾಗದ ಹಿಡಿದು ಹೊರಟಿದ್ದಳು. ಡಾಕ್ಟರ್ ನಂದಿತಾ ಕೈ ಅಡ್ಡ ಹಿಡಿದರು.

"ಫಾಯಿಜಾ, ನೀವೂ ಇಲ್ಲ."

"ಮೇಡಂ?"

"ಇಬ್ಬರೂ ಒಂದೇ ರೂಮಲ್ಲಿ ಕೂರೋರು. ರೂಮ್ ಹೋದ ದಿನ ಒಬ್ಬರನ್ನ ಮಾತ್ರ ಬಿಟ್ಟು ಹೋಗುತ್ತಾ? ಕೂತ್ಕೊಳ್ಳಿ ಪಕ್ಕದಲ್ಲಿ."

ಜಗಳಕ್ಕೆ ಬಾಯಿ ತೆರೆದೆ. ಸತ್ತವರು ಮಾತಾಡೋ ಹಾಗಿಲ್ಲ. ಡಾಕ್ಟರು ಸುತ್ತ ನೋಡಿದರು. ಭಾನುವಾರದ ಡ್ಯೂಟಿಯಲ್ಲಿದ್ದವರು ಮುರುಗೇಶ್ ಮತ್ತು ಸಿಸ್ಟರ್ ರಮಾ. ನಾಲ್ಕು ಪುಟ ಅವರ ಕೈಗೆ ಹೋಯಿತು.

"ಅಯ್ಯಯ್ಯೋ ಮೇಡಂ, ನಾನು ಜನರೇಟರ್ ನೋಡೋನು" ಅಂದ ಮುರುಗೇಶ್.

"ಓದೋಕೆ ಬರುತ್ತಲ್ವಾ? ನಾನು ಓದ್ತೀನಿ, ನೀನು ಒತ್ತು" ಅಂದಳು ರಮಾ, ಇಂಜೆಕ್ಷನ್‌ಗೆ ಹೆದರೋರ ಹತ್ತಿರ ಮಾತಾಡೋ ಧ್ವನಿಯಲ್ಲಿ.

2.55ಕ್ಕೆ ಯಲಹಂಕದಿಂದ ಡಿಸ್ಕ್ ಬಂತು. ಭಾನುವಾರವೂ ಹೆಬ್ಬಾಳ ಫ್ಲೈಓವರ್ ತನ್ನ ಪಾಲು ತಗೊಳ್ಳದೆ ಬಿಡಲಿಲ್ಲ. 3.10ಕ್ಕೆ ರಮಾ ಬೀರುವಿನ ಲಕೋಟೆ ಹಿಡಿದು ಬಂದಳು. ಗಾಜಿನ ಆಚೆ ಅವಳ ತುಟಿ ಅಲುಗೋದು ಕಾಣ್ತಿತ್ತು. ಒಂದೊಂದು ಟಿಕ್ ಹಾಕುವಾಗಲೂ ಪೆನ್ನನ್ನ ಮೇಲಕ್ಕೆತ್ತಿ ಇಳಿಸ್ತಿದ್ದಳು, ನಾಟಕದವಳು.

"ಎಷ್ಟನೇ ಪುಟ ಇರಬಹುದು?" ಫಾಯಿಜಾ ಪಿಸುಗುಟ್ಟಿದಳು. ಸತ್ತವರು ಸತ್ತವರ ಹತ್ತಿರ ಮಾತಾಡಬಾರದು ಅಂತ ಯಾರೂ ಹೇಳಿರಲಿಲ್ಲ.

"ಎರಡು ಮುಗೀತು."

"ನನ್ನ ಗುತ್ತಿಗೆ ಮುರುಗೇಶಣ್ಣನ ಕೈಲಿದೆ ಅಂತ ಅಮ್ಮಿಗೆ ಹೇಳಿದ್ರೆ ಇವತ್ತೇ ಹುಡುಗನ್ನ ನೋಡ್ತಾರೆ."

4.20ಕ್ಕೆ ಮುರುಗೇಶ್ ಹೊರಗೆ ಬಂದ. ತಲೆ ಕೆರೆದ. ಆರು ಕಂಪ್ಯೂಟರಿನಲ್ಲಿ ಒಂದನ್ನ ನೋಡಿದ, ಇನ್ನೊಂದನ್ನ ನೋಡಿದ. ಡೈರೆಕ್ಟರಿ ಎದ್ದಿದೆ, ಆದರೆ ಇವಕ್ಕೆ ಅದು ಸಿಗ್ತಾ ಇಲ್ಲ. ನನಗೆ ತಕ್ಷಣ ಗೊತ್ತಾಯ್ತು. ಗಡಿಯಾರ! ಹೊಸ ಮೆಷೀನಿನ ಸಮಯ ಐದು ನಿಮಿಷಕ್ಕಿಂತ ಹೆಚ್ಚುಕಮ್ಮಿ ಇದ್ದರೆ ಡೈರೆಕ್ಟರಿ ಮಾಡಿಕೊಡೋ ಗುರುತನ್ನ ಯಾವ ಕಂಪ್ಯೂಟರೂ ನಂಬಲ್ಲ. ಮೂರನೇ ಪುಟ, ನಾಲ್ಕನೇ ಚೌಕ, ಬಿಟ್ಟಿದ್ದಾರೆ! ನನ್ನ ಕೈ ತಾನಾಗಿ ವಾಚಿನ ಕಡೆ ಹೋಯಿತು. ಫಾಯಿಜಾ ಮಣಿಕಟ್ಟು ಹಿಡಿದು ತನ್ನ ದುಪಟ್ಟಾದೊಳಗೆ ಮುಚ್ಚಿಟ್ಟಳು. ಬಳೆ ಒತ್ತಿ ಗುರುತು ಬಿದ್ದಿದೆ, ಈಗಲೂ ಇದೆ.

ಮುರುಗೇಶ್ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕೆಳಗೆ ಹೋದ. ಓಡಿಹೋದ ಅಂದ್ಕೊಂಡೆ. ನೆಟ್‌ವರ್ಕ್ ತಂತಿ ನೋಡೋ ತನ್ನ ಟೆಸ್ಟರ್ ಹಿಡಿದು ವಾಪಸ್ ಬಂದ, ಗೋಡೆಯ ಸಾಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತ, ಒಂದು ಸಲ ಚುಚ್ಚಿ, ಬಾಯಿ ಸೊಟ್ಟ ಮಾಡಿ, ತಂತಿ ಕಿತ್ತು ಪಕ್ಕದ್ದಕ್ಕೆ ಹಾಕಿದ.

ಗಡಿಯಾರ ಅಲ್ಲವೇ ಅಲ್ಲ. ಕಾಗದದಲ್ಲಿ ಹೇಳಿದ ಹಾಗೆ ಅವರು ತಂತಿ ಹಾಕಿದ್ದು "14"ಕ್ಕೆ, ಆ ಸಾಕೆಟ್ಟಿಗೆ ಚೀಟಿ ಅಂಟಿಸಿದ್ದು ನಾನು. ಅದರ ತಂತಿ ಹೋಗಿರೋದು ಬೇರೆಲ್ಲಿಗೋ. ನಾನು ಅಲ್ಲಿದ್ದಿದ್ದರೆ ಗಡಿಯಾರದ ಜೊತೆ ಒಂದು ಗಂಟೆ ಗುದ್ದಾಡ್ತಿದ್ದೆ, ನನ್ನ ಚೀಟಿಯನ್ನ ಅನುಮಾನಿಸ್ತಿರಲಿಲ್ಲ.

5.12. ರಮಾ ಒಂದು ಕಂಪ್ಯೂಟರಿನ ಮುಂದೆ ಕೂತು ತನ್ನ ಹೆಸರು, ಪಾಸ್‌ವರ್ಡ್ ಒತ್ತಿದಳು. ಒಂದು ಕ್ಷಣ. ಆಮೇಲೆ ಪರದೆಯನ್ನ ನಮ್ಮ ಬೆಂಚಿನ ಕಡೆ ತಿರುಗಿಸಿದಳು. "ಸ್ವಾಗತ, ರಮಾ."

ಫಾಯಿಜಾ ಕಿರುಚಿದ ಸದ್ದಿಗೆ ಮೂರನೇ ಮಹಡಿಯಿಂದ ಇಬ್ಬರು ಇಣುಕಿದರು. ಮುರುಗೇಶ್ ಟೆಸ್ಟರ್ ಎತ್ತಿ ಹಿಡಿದು ಕುಣಿದ. ನಾನು ಅಳಲಿಲ್ಲ, ಸೆಖೆ ಜಾಸ್ತಿ ಇತ್ತು, ಮುಖ ಒರೆಸ್ಕೊಂಡೆ.

ಡಾಕ್ಟರು ಗಡಿಯಾರ ನೋಡಿ ಬರೆದುಕೊಂಡರು. ಮೂರು ಗಂಟೆ ಹನ್ನೆರಡು ನಿಮಿಷ. "ಕಂಪನಿಯವರಿಗೆ ಬೇಡ ಅಂತ ಹೇಳ್ತೀನಿ. ಫಾಯಿಜಾ ಕಾಗದ ನಾಳೆ ನನ್ನ ಟೇಬಲ್ ಮೇಲಿರಲಿ, ಗುತ್ತಿಗೆ ಸಾಕು, ಕಾಯಂ ಮಾಡೋಣ." ನನ್ನ ಕಡೆ ತಿರುಗಿ, "ನೀವು ಇನ್ನೂ ನಲವತ್ತೆಂಟು ನಿಮಿಷ ಸತ್ತಿರಬಹುದು ಮಾಲಾ" ಅಂದರು.

ಸಂಜೆ ಆರೂವರೆಗೆ ಅದೇ ಬೆಂಚಿನ ಮೇಲೆ ಫಾಯಿಜಾ ರೋಜಾ ಬಿಟ್ಟಳು. ಐದೂ ಜನ ಸಾಲಾಗಿ ಕೂತು ಖರ್ಜೂರ ತಿಂದೆವು. ಡಾಕ್ಟರು ಬೀಜ ಎಲ್ಲಿ ಹಾಕೋದು ಅಂತ ಕೇಳಿದರು. ಮುರುಗೇಶ್ ಹೋಗಿ ನಮ್ಮ ರೂಮಿನ ಬಕೆಟ್ ತಂದ.

ಮಾರ್ಚ್ 25, ಮಂಗಳವಾರ

ಮುರುಗೇಶ್ ಇಡೀ ಕಟ್ಟಡ ಸುತ್ತಿ, ನಾನು ಅಂಟಿಸಿದ ಚೀಟಿಗಳಲ್ಲಿ ಹನ್ನೊಂದು ತಪ್ಪು ಹಿಡಿದು, ಪಟ್ಟಿ ಮಾಡಿ ನಮ್ಮ ರೂಮಿನ ಬಾಗಿಲಿಗೆ ಅಂಟಿಸಿದ್ದಾನೆ. ಕೆಳಗೆ ಸಹಿ ಬೇರೆ. ನಾನೂ ಸಹಿ ಹಾಕಿದೆ. ಮಧ್ಯಾಹ್ನ ಕ್ಯಾಂಟೀನ್‌ನವನನ್ನೂ ಲ್ಯಾಬಿನವಳನ್ನೂ ಕೂರಿಸಿ ನಾಲ್ಕು ಪುಟ ಓದಿಸಿದೆವು. ಎರಡು ಕಡೆ ತಡವರಿಸಿದರು. ಆ ಎರಡು ಸಾಲನ್ನ ಫಾಯಿಜಾ ತಿದ್ದಿದಳು, ನನ್ನನ್ನ ಕೇಳಲಿಲ್ಲ. ಚೆನ್ನಾಗೇ ತಿದ್ದಿದ್ದಾಳೆ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್. ಎರಡು ದಿನ ಸೇರಿಸಿ ರಜಾ ಹಾಕಿದ್ದೆ. ಇಷ್ಟು ವರ್ಷದಲ್ಲಿ ಇದೇ ಮೊದಲು ಅಂತ ಅರ್ಜಿ ತಗೊಂಡವರು ಹೇಳಿದರು, ಇರಬಹುದು.

ಅತ್ತೆಯನ್ನೂ ಕರ್ಕೊಂಡು ಗಂಗಾನಗರಕ್ಕೆ, ಫಾಯಿಜಾ ಮನೆಗೆ ಹೋದೆ. ನಿನ್ನೆಯ ಹೋಳಿಗೆ ಡಬ್ಬಿ ಕೊಟ್ಟು ಶೀರ್‌ಖುರ್ಮಾ ಪಾಯಸದ ಡಬ್ಬಿ ತಂದೆವು. ಅವಳ ತಾಯಿ ಸಬೀರಾ ಬಿರಿಯಾನಿ ಬಡಿಸೋ ರೀತಿ ಹೇಗೆ ಅಂದರೆ, ಸಾಕು ಅಂತ ಕೈ ಅಡ್ಡ ಹಿಡಿದರೆ ಕೈ ಮೇಲೇ ಹಾಕ್ತಾರೆ. ಅತ್ತೆಯೂ ಅವರೂ ಮಧ್ಯಾಹ್ನವೆಲ್ಲ ಮೊಸರಿನ ವಿಷಯ ಮಾತಾಡಿದರು. ಒಬ್ಬರಿಗೆ ಇನ್ನೊಬ್ಬರ ಭಾಷೆ ಅರ್ಧ ಬರುತ್ತೆ, ಮಾತಿಗೆ ಮಾತ್ರ ಬರವಿಲ್ಲ. ನಾನು ಊಟ ಮಾಡಿ ಅಲ್ಲೇ ಚಾಪೆ ಮೇಲೆ ನಿದ್ದೆ ಹೋದೆನಂತೆ, ಎರಡು ಗಂಟೆ. ಫಾಯಿಜಾ ಎಬ್ಬಿಸಲಿಲ್ಲ.

ಸಂಜೆ ಮನೆಗೆ ಬಂದು ದೀಪ ಹಚ್ಚಿದಾಗ ನೋಡ್ತೀನಿ, ನನ್ನ ಫೋನು ಬೆಳಗ್ಗೆ ಇಟ್ಟ ಜಾಗದಲ್ಲೇ, ಹೋಳಿಗೆ ಪಾತ್ರೆಯ ಪಕ್ಕ ಕೂತಿದೆ. ಚಾರ್ಜ್ ಮುಗಿದು ಯಾವಾಗಲೋ ಆರಿಹೋಗಿದೆ. ನಾಳೆ ಆಫೀಸಿಗೆ ಹೋಗುವಾಗ ಬೇಕಾಗುತ್ತೆ. ಬೆಳಗ್ಗೆ ಎದ್ದು ಚಾರ್ಜ್‌ಗೆ ಹಾಕಬೇಕು.